ಕಾಳಿಂಗ ಪಿಕಪ್ಪು ರಿಪೇರಿ ಮಾಡಿಸಿದ್ದು

ಮನೇಲಿದ್ದಾಗ ಮಿಸುಕಲ್ಲ, ಮನೆ ಬಿಟ್ಟು ತಲೆ ಮೇಲೆ ಕೂತರೆ ಗಿರಗಿರ ತಿರುಗುತ್ತೆ. ಏನದು, ಹೇಳಿ ನೋಡುವಾ?

ತಿಣುಕಬೇಡಿ. ಬರಲ್ಲ ನಿಮಗೆ. ನಮ್ಮೂರ ಮೇಷ್ಟ್ರಿಗೇ ಬಂದಿಲ್ಲ. ಆ ಒಗಟು ಒಡೀಬೇಕು ಅಂದ್ರೆ ಮೊದಲು ಮಾದಾಜಮ್ಮನ ಗೋಳು ಕೇಳಬೇಕು.

ಮಾದಾಜಮ್ಮ ಕುಂಬಾರಗೇರಿಯೋಳು. ಗಂಡ ಸಾಯುವಾಗ ಮೂರು ಬಿಟ್ಟು ಹೋಗಿದ್ದ. ಮಡಕೆ ಮಾಡೋ ತಿಗರಿ ಒಂದು, ಹಳೇ ಪಿಕಪ್ಪು ಒಂದು, ಮಗ ಕಾಳಿಂಗ ಒಂದು. ತಿಗರಿ ಹೇಳಿದಂಗೆ ತಿರುಗ್ತಿತ್ತು. ಪಿಕಪ್ಪು ಏನು ಹೇಳಿದ್ರೂ ತಿರುಗ್ತಿರಲಿಲ್ಲ. ಕಾಳಿಂಗ ಹೇಳಿದ್ದನ್ನ ಹೇಳಿದಂಗೇ ಮಾಡ್ತಿದ್ದ. ಅದೇ ಅವನ ರೋಗ.

ಶುಕ್ರವಾರ ತೊರೆಪಾಳ್ಯದ ಪಟೇಲರ ಮನೇಲಿ ಮದುವೆ. ಸುಣ್ಣ ಕೆಮ್ಮಣ್ಣಿನ ಗೆರೆ ಎಳೆದ ಅರಿವೇಣಿ ಮಡಕೆ ಚಪ್ಪರಕ್ಕೆ ಬರದೆ ಅಲ್ಲಿ ತಾಳಿ ಕಟ್ಟಂಗಿಲ್ಲ. ಆ ಮಡಕೆ ಕೊಡೋ ಹಕ್ಕು ಮೂರು ತಲೆಯಿಂದ ಮಾದಾಜಮ್ಮನ ಮನೇದು. ಆದ್ರೆ ಹೋದ ಮದುವೇಲಿ ಪಿಕಪ್ಪು ತಿರುವಲ್ಲಿ ತಿರುಗದೆ ಬೇಲಿಗೆ ನುಗ್ಗಿ, ಇಪ್ಪತ್ತೊಂದು ಮಡಕೇಲಿ ಏಳು ಚೂರು! ಪಟೇಲರು ಖಡಾಖಂಡಿತ ಹೇಳಿಬಿಟ್ಟಿದ್ರು: "ಈ ಸಲ ಒಂದೇ ಒಂದು ಸೀಳಿದ್ರೂ ಹಕ್ಕು ಬೇರೆ ಊರೋರಿಗೆ."

ಮಂಗಳವಾರ ಬೆಳಿಗ್ಗೆ ಮಾದಾಜಮ್ಮ ಮಗನ್ನ ಕೂಗಿದಳು.

"ಲೋ ಕಾಳಿಂಗ! ಸ್ಟೇರಿಂಗು ಕಲ್ಲಾಗ್ಬುಟ್ಟದೆ ಕಣ್ಲಾ. ಗ್ಯಾರೇಜಿನ ಮಸ್ತಾನ್ ಮೇಸ್ತ್ರಿಗೆ ತೋರಿಸ್ಕಂಡು ಬಾ ಹೋಗು!"

"ಆಯ್ತವ್ವ!"

ಪಾನಾ ತಗೊಂಡ, ನಟ್ಟು ಬಿಚ್ಚಿದ, ಸ್ಟೇರಿಂಗು ಕಿತ್ತ. ತಲೆ ಮೇಲೆ ಸಿಂಬೆ ಇಟ್ಟ, ಸಿಂಬೆ ಮೇಲೆ ಸ್ಟೇರಿಂಗು ಇಟ್ಟ, ಬೆರಳಲ್ಲಿ ಗಿರಗಿರ ತಿರುಗಿಸ್ಕೊಂಡು ನಡೆದ. ಒಡೀತಾ ಒಗಟು?

ಮೇಸ್ತ್ರಿ ನೋಡಿದ್ರು, ಕಣ್ಣುಜ್ಜಿಕೊಂಡು ಇನ್ನೊಂದು ಸಲ ನೋಡಿದ್ರು.

"ಗಾಡಿ ಎಲ್ಲೋ?"

"ಮನೇಲದೆ. ಗಾಡಿ ತೋರಿಸು ಅಂದಿಲ್ಲ ನಮ್ಮವ್ವ."

"ಅರೇ ಪುಣ್ಯಾತ್ಮ! ಸ್ಟೇರಿಂಗು ಬಿಗಿ ಅಂದ್ರೆ ಟೈರಲ್ಲಿ ಗಾಳಿ ಕಮ್ಮಿ ಇರಬೇಕು. ಹೋಗಿ ಟೈರು ಬಡಿದು ನೋಡು!"

ಮನೇಲಿ ಮಾದಾಜಮ್ಮ ಹಣೆ ಚಚ್ಚಿಕೊಂಡಳು. "ಸ್ಟೇರಿಂಗು ಕಿತ್ಕಂಡು ಹೋಗಿದ್ಯೇನ್ಲಾ? ಹೊಟ್ಟೆನೋವು ಅಂದ್ರೆ ಹೊಟ್ಟೆ ಕಿತ್ಕಂಡು ಆಸ್ಪತ್ರೆಗೆ ಹೋದೀಯಾ? ತಲೇಲಿ ಮಿದುಳದೋ, ಹಸೀ ಜೇಡಿಮಣ್ಣದೋ?"

"ನೀ ಯೋಳ್ದಂಗೇ ಮಾಡಿವ್ನಿ ಕಣವ್ವ!"

"ಮುಚ್ಚು ಬಾಯಿ! ಅದನ್ನ ಇದ್ದಲ್ಲಿಗೆ ಹಾಕು. ಆಮೇಲೆ ಟೈರು ಬಡಿದು ನೋಡು. ಮಡಕೆ ಬಡಿದು ನೋಡ್ತೀಯಲ್ಲ, ಹಂಗೆ!"

ಬುಧವಾರ ಕಾಳಿಂಗ ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಕುಂಬಾರರ ಮನೆ ಹುಡುಗನಿಗೆ ಬಡಿಯೋದು ಹೇಳಿಕೊಡಬೇಕಾ? ಬೆರಳ ಗೆಣ್ಣಲ್ಲಿ ಬಡಿದ್ರೆ ಮಡಕೆ ಟಣ್ ಅನ್ನಬೇಕು. ಟಣ್ ಅಂದ್ರೆ ಮಾರೋಕೆ, ಬದ್ ಅಂದ್ರೆ ಹಿತ್ತಲ ಗುಂಡಿಗೆ.

ಮುಂದಿನ ಟೈರು ಬಡಿದ. ಬದ್! ಇನ್ನೊಂದು ಬಡಿದ. ಬದ್! ಹಿಂದಿನವೆರಡೂ ಬದ್, ಬದ್! ಸ್ಟೆಪ್ನಿ ಬಡಿದ. ಅದೂ ಬದ್!

ಸಂಜೆ ಮಾದಾಜಮ್ಮ ಮಣ್ಣು ಹೊತ್ಕೊಂಡು ಬಂದಳು. ನೋಡ್ತಾಳೆ, ಪಿಕಪ್ಪು ನಾಕು ಕಲ್ಲಿನ ಮೇಲೆ ಬಸವನಂಗೆ ಕೂತದೆ!

"ಟೈರೆಲ್ಲೋ?"

"ಗುಂಡಿಗೆ ಎಸೆದೆ ಕಣವ್ವ! ಐದೂ ಸೀಳಿದ್ದೋ. ಒಂದೂ ಟಣ್ ಅನ್ನಲಿಲ್ಲ. ಎಂಥಾ ಕುಂಬಾರ ಮಾಡಿದ್ನೋ!"

"ಅಯ್ಯೋ ನನ್ ಹಣೆಬರವೇ! ಕಮ್ಮಿ ಇದ್ರೆ ಎಸೀತಾರೇನ್ಲಾ? ತುಂಬಬೇಕು! ಕಮ್ಮಿ ಇದ್ದ ಕಡೆ ತುಂಬಬೇಕು, ಗಟ್ಟಿಯಾಗೋ ಗಂಟ ತುಂಬಬೇಕು!"

"ತುಂಬ್ತೀನಿ ಬುಡವ್ವ!"

ಗುರುವಾರ ಮಸ್ತಾನ್ ಮೇಸ್ತ್ರಿ ಇವನ್ನ ನಂಬದೆ ತಾವೇ ಬಂದ್ರು. ಟೈರು ಹಾಕಿ, ಗಾಳಿ ತುಂಬಿಸಿ, ಅಡಿಗೆ ಮಲಗಿ ಇಣುಕಿದ್ರು.

"ಮಾದಾಜಕ್ಕ, ಗಾಳಿ ಈಗ ಸರಿಯಾಯ್ತು. ಆದ್ರೆ ಕೀಲೆಲ್ಲ ಒಣಗಿ ಕಿರ್ ಅಂತಾವೆ. ಗಿರೀಸು ಕಮ್ಮಿ." ಡಬ್ಬಿ ಕೈಗೆ ಕೊಟ್ಟು, "ಲೋ ಹುಡುಗಾ, ಕಿರ್ ಅನ್ನೋ ಕಡೆ ಗಿರೀಸು ಹಾಕು. ನಾನು ನಾಷ್ಟಾ ಮಾಡಿ ಬರ್ತೀನಿ."

ಕಮ್ಮಿ ಇದ್ದ ಕಡೆ ತುಂಬಬೇಕು! ಕಾಳಿಂಗನಿಗೆ ಎರಡು ಬುದ್ಧಿಮಾತೂ ಒಟ್ಟಿಗೆ ನೆನಪಾದ್ವು. ಸ್ಟೇರಿಂಗಿನ ಕೀಲು ಕಿರ್ ಅಂತು, ತುಂಬಿದ. ಬಾಗಿಲು ಕಿರ್ ಅಂತು, ತುಂಬಿದ. ಬ್ರೇಕು ಒತ್ತಿದ, ಅದಂತೂ ಎಲ್ಲಕ್ಕಿಂತ ಜೋರಾಗಿ ಕಿರ್ ಅಂತು. ಚಕ್ರ ಬಿಚ್ಚಿ ಅಲ್ಲಿಗೆ ಎರಡು ಹಿಡಿ ಜಾಸ್ತಿ ತುಂಬಿದ. ಬಾವಿ ರಾಟೆ, ಅವ್ವನ ಮಂಚ, ಪಕ್ಕದ ಮನೆ ತೊಟ್ಟಿಲು, ಒಂದನ್ನೂ ಬಿಡಲಿಲ್ಲ.

ಮಾದಾಜಮ್ಮ ನೀರು ಸೇದೋಕೆ ಹೋದಳು. ಜಾರಿದ ಹಗ್ಗ ಕೊಡದ ಸಮೇತ ಬಾವಿಗೆ ಹೋಯ್ತು! ಅವಳು ಅಲ್ಲಿಂದಲೇ ಕಿರುಚಿದಳು. ಕಾಳಿಂಗ ಓಡಿ ಬಂದ. ಅವಳ ಬಾಯಿ ನೋಡಿದ, ತನ್ನ ಬೆರಳ ಮೇಲಿದ್ದ ಗಿರೀಸು ನೋಡಿದ.

"ಏನ್ಲಾ ಅದು? ಯಾಕ್ಲಾ ಬೆರಳ ಇತ್ಲಾಗೆ ತತ್ತೀಯೆ?"

"ನಿನ್ ಗಂಟಲು ಕಿರ್ ಅಂತಲ್ಲವ್ವ!"

ಪೊರಕೆ ಮುರಿಯೋ ಗಂಟ ಬಾರಿಸಿದಳು. ಆ ಗಲಾಟೇಲಿ ಬ್ರೇಕಿನ ಸುದ್ದಿ ಯಾರೂ ಕೇಳಲಿಲ್ಲ. ಕಾಳಿಂಗನೂ ಹೇಳಲಿಲ್ಲ, ಹೇಳು ಅಂದಿರಲಿಲ್ಲವಲ್ಲ!

ನಾಷ್ಟಾ ಮುಗಿಸಿ ಬಂದ ಮೇಸ್ತ್ರಿ ಒಂದೇ ಬೆರಳಲ್ಲಿ ಸ್ಟೇರಿಂಗು ತಿರುಗಿಸಿದ್ರು. ಬೆಣ್ಣೆ! ಅಂಗಳದಲ್ಲಿ ನಾಕು ಮಾರು ಹೋಗಿ, ಎದುರು ದಿಬ್ಬದಲ್ಲಿ ಗಾಡಿ ತಾನೇ ನಿಂತಿದ್ದಕ್ಕೆ ಬ್ರೇಕು ಮುಟ್ಟದೇ ಇಳಿದ್ರು.

"ಬಿಗಿ ಹೋಯ್ತು ಅಕ್ಕಾ. ಆದ್ರೆ ಎಡಕ್ಕೆ ಎಳೀತದೆ. ಚಕ್ರದ ನೇರ ನೋಡೋ ಮಿಷಿನ್ನು ಪ್ಯಾಟೇಲಿರೋದು. ನಾಳೆ ಒಂದಿನ ಬಲಕ್ಕೆ ಹಿಡ್ಕೊಂಡು ಓಡಿಸ್ಲಿ."

ಶುಕ್ರವಾರ ಇಪ್ಪತ್ತೊಂದು ಮಡಕೆ ಹುಲ್ಲಲ್ಲಿ ಹುದುಗಿಸಿ, ಮಧ್ಯೆ ಮಾದಾಜಮ್ಮ ಕೋಳಿ ಕಾವು ಕೂತಂಗೆ ಕೂತಳು. ಗಾಡಿ ಚರಂಡಿ ಕಡೆ ವಾಲಿದಾಗಲೆಲ್ಲ "ಬಲಕ್ಕೆ ಹಿಡಿಲಾ!" ಅಂತ ಕೂಗಿದಳು. ಗಾಡಿ ಎತ್ತಿನಗಾಡಿಯಂಗೆ ನಿಧಾನಕ್ಕೆ ಹೋಗ್ತಿತ್ತು, ಬ್ರೇಕು ಒತ್ತೋ ಕೆಲಸವೇ ಬೀಳಲಿಲ್ಲ. ದಾರಿಯುದ್ದ ಒಂದು ಮಡಕೇನೂ ಮಿಸುಕಲಿಲ್ಲ. ಅವಳ ಜೀವ ತಣ್ಣಗಾಯ್ತು. ತೊರೆಪಾಳ್ಯ ಬಂತು, ಬಯಲು ಬಂತು, ಚಪ್ಪರ ಕಾಣ್ತು.

"ಈಗ ಪೂರ್ತಿ ಬಲಕ್ಕೆ ತಿರುಗಿಸ್ಲಾ! ನಾ ಯೋಳೋ ಗಂಟ ಬುಡಬೇಡ!"

ತಿರುಗಿಸಿದ. ಬಿಡಲಿಲ್ಲ. ಗಾಡಿ ಚಪ್ಪರಾನ ಬಲಕ್ಕಿಟ್ಕೊಂಡು ಅದರ ಸುತ್ತ ಒಂದು ಸುತ್ತು ಹಾಕ್ತು. ಬಾಗಿಲ ಮುಂದೆ ಬಂತು, ದಾಟಿ ಹೋಯ್ತು! ಇನ್ನೊಂದು ಸುತ್ತು!

"ನಿಲ್ಸ್ಲಾ!"

"ಒತ್ತಾವ್ನಿ ಕಣವ್ವ! ಬ್ರೇಕು ಈಗ ಕಿರ್ ಅಂತಾನೇ ಇಲ್ಲ!"

ಮಾದಾಜಮ್ಮನಿಗೆ ಆಗ ಗೊತ್ತಾಯ್ತು. ಎದೆ ಒಡೀತು, ಮಡಕೆ ಒಡೀಲಿಲ್ಲ. ಕೀ ತಿರುಗಿಸು ಅನ್ನೋದು ಅವಳಿಗೆ ಹೊಳೀಲಿಲ್ಲ. ಹೇಳದೇ ಇದ್ದದ್ದ ಮಾಡೋ ಅಭ್ಯಾಸ ಅವನಿಗಿಲ್ಲ.

ಪುರೋಹಿತರು ಎದ್ದು ನಿಂತು ಕೈ ಮುಗಿದ್ರು. "ಭಲೇ ಪಟೇಲರೇ! ಅರಿವೇಣಿ ಪ್ರದಕ್ಷಿಣೆ ಬರ್ತಾ ಅದೆ! ಇಂಥಾ ಶಾಸ್ತ್ರ ನಾ ಕಂಡಿರಲಿಲ್ಲ!"

ಅಷ್ಟೇ ಸಾಕಾಯ್ತು. ವಾಲಗದೋರು ಗಾಡಿ ಹಿಂದೆ ಬಿದ್ದು ಊದಿದ್ರು. ಪಟೇಲರು ಹೂ ಎರಚಿದ್ರು. ಮುತ್ತೈದೇರು ಪಕ್ಕದಲ್ಲಿ ಓಡಿ, ಸುತ್ತಿಗೆ ಎರಡೆರಡು ಮಡಕೆ ಇಳಿಸ್ಕೊಂಡ್ರು. ಹನ್ನೊಂದನೇ ಸುತ್ತಿಗೆ ಒಂದು ಮಡಕೆ, ಒಂದು ಮಾದಾಜಮ್ಮ. ಇಪ್ಪತ್ತೊಂದೂ ಟಣ್! ಒಳಗೆ ತಾಳಿ ಕಟ್ಟಾಯ್ತು. ಹಕ್ಕು ಉಳೀತು. ಹೊರಗೆ ಕಾಳಿಂಗ ಹದಿನೈದನೇ ಸುತ್ತಲ್ಲಿದ್ದ.

ಮಾದಾಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂಗಿದಳು. "ಸಾಕು ಕಣ್ಲಾ ಮೂದೇವಿ! ಸ್ಟೇರಿಂಗು ಬುಡ್ಲಾ!"

ಬಿಟ್ಟ! ಎರಡೂ ಕೈ ಮೇಲಕ್ಕೆತ್ತಿ ಬಿಟ್ಟ! ಗಾಡಿ ಎಡಕ್ಕೆ ಎಳೀತು. ಬಾಳೆಕಂಬ ದಾಟಿ, ಊಟದ ಪಂಕ್ತಿ ತಪ್ಪಿಸಿ, ನೆಟ್ಟಗೆ ಹೋಗಿ ಊರ ಕಟ್ಟೆ ನೀರಿಗೆ ದುಡುಮ್! ಕುತ್ತಿಗೆ ಮಟ್ಟ ನೀರಲ್ಲಿ ಕಾಳಿಂಗ ಇನ್ನೂ ಕೈ ಎತ್ತಿಕೊಂಡೇ ಕೂತಿದ್ದ.

"ಬುಟ್ಟೆ ಕಣವ್ವ! ಕೈ ಯಾವಾಗ ಇಳಿಸ್ಲಿ?"

ನೀರಿಗೆ ಬಿದ್ದದ್ದು ಸುಳ್ಳು. ಅದು ನಾನೇ ಕಟ್ಟಿ ಹೇಳಿದ್ದು. ಏನ್ ಮಾಡೋದು, ನಂಗೆ ಈ ಕತೆ ಹೇಳಿದೋರು ಗಾಡಿ ನಿಲ್ಲಿಸೋದ ಮರೆತು ಊಟಕ್ಕೆ ಎದ್ದುಹೋಗಿದ್ರು.