ಜೋಲಿಗಲ್ಲಿನ ಹೊಗೆಯೊಲ್ಲದಮ್ಮ

ಧೂಪವಿಲ್ಲದ ಗುಡಿಯೂ ಉಂಟೇ ಎಂದು ಬೆಟ್ಟ ಹತ್ತಿ ಬಂದವರೆಲ್ಲ ಕೇಳುತ್ತಾರೆ. ಉಂಟು. ಅದೇಕೆಂಬುದನ್ನು ಹಿರಿಯರ ಬಾಯಿಂದ ಕೇಳಿದಂತೆಯೇ, ಒಂದನ್ನೂ ಮುಚ್ಚಿಡದೆ, ಇಲ್ಲಿ ನಿರೂಪಿಸಿದೆ.

ಬಹು ಪೂರ್ವಕಾಲದಲ್ಲಿ, ಈ ಶಿಲಾಮಯ ಪರ್ವತದ ತಪ್ಪಲಿನಲ್ಲಿ ಇನ್ನೂ ಊರು ಹುಟ್ಟದೆ ಜಾಲಿ, ಬೇಲದ ಕಾಡೂ ಹುಲ್ಲುಗಾವಲೂ ಮಾತ್ರ ಇದ್ದ ದಿನಗಳಲ್ಲಿ, ಚಿತ್ತಯ್ಯನೆಂಬ ಗೋಪಾಲಕನು ಧರ್ಮಪತ್ನಿಯಾದ ಮಾಳವ್ವೆಯೊಡನೆ ಗೋಸೇವಾನಿರತನಾಗಿ ಬಾಳುತ್ತಿದ್ದನು. ಅವರ ಚೊಚ್ಚಲ ಗಂಡುಮಗು, ಇಲಿಯನ್ನು ಅರಸುತ್ತ ಮನೆಯೊಳಗೆ ಹೊಕ್ಕ ಸರ್ಪದ ದಂಶದಿಂದ ತೀರಿಕೊಂಡಿತ್ತು. ಆಮೇಲೆ ಏಳು ಸಂವತ್ಸರ ವ್ರತೋಪವಾಸಗಳಿಂದ ದೇಹ ದಂಡಿಸಿದ ಆ ದಂಪತಿಗಳಿಗೆ ಹೊನ್ನವ್ವೆಯೆಂಬ ಹೆಣ್ಣುಶಿಶು ಜನಿಸಿತು. ಆ ಕೂಸನ್ನು ನೆಲದ ಮೇಲೆ ಮಲಗಿಸಲು ಚಿತ್ತಯ್ಯನು ಬಿಡುತ್ತಿರಲಿಲ್ಲ. ಆಕಳ ಉಸಿರಿನ ಬಿಸುಪು ತಗಲಲೆಂದು ಕೊಟ್ಟಿಗೆಯ ತೊಲೆಗೇ ಹಳೆಯ ಸೀರೆಯ ಜೋಲಿ ಕಟ್ಟಿದನು.

ಜ್ಯೇಷ್ಠಮಾಸದ ಒಂದು ಮುಂಜಾನೆ ಜೋಲಿಯ ಅಂಚಿನಲ್ಲಿ ಎಳ್ಳಿನಂತಹ ಕರಿಯ ಹಿಕ್ಕೆಗಳು ಕಂಡವು. ಚಿತ್ತಯ್ಯನು ಅವು ಇಲಿಯವೇ ಎಂದುಕೊಂಡನು. ಇಲಿ ಬಂದ ಮೇಲೆ ಹಾವು ಬಾರದಿದ್ದೀತೆ?

"ಹೊಗೆ ಹಾಕ್ತೀನಿ, ಕೂಸನ್ನ ಎತ್ಕೊಂಡು ಆಚೆ ಹೋಗು" ಎಂದನು.

ಮಾಳವ್ವೆಯು ಒಂದು ಹಿಕ್ಕೆಯನ್ನು ಬೆರಳ ನಡುವೆ ತಿಕ್ಕಿದಳು. ಅದು ಬೂದಿಯಂತೆ ಪುಡಿಯಾಯಿತು. ಪುಡಿಯಲ್ಲಿ ಹುಳುಗಳ ರೆಕ್ಕೆಯ ಚೂರುಗಳು ಮಿನುಗಿದವು.

"ಇಲೀದಲ್ಲ ಕಣಯ್ಯಾ. ಇಲೀದು ಒಣಗಿದ್ರೆ ಕಲ್ಲು, ಹಿಂಗೆ ಪುಡಿ ಆಗಕಿಲ್ಲ. ದನ ಬರೋ ಹೊತ್ಗೆ ಸೂರಿನ ಸಂದಿಯಿಂದ ಏನೋ ಹಾರಿ ಹೋಗ್ತವೆ, ನಾನು ಕಂಡೀನಿ. ಮರಿ ಚೀರೋದೂ ಕೇಳೀನಿ, ಮ್ಯಾಲೆ ಯಾರೋ ಬಾಣಂತೀರು ಅವ್ರೆ. ಯಾರದು ಅಂತ ಒಂದ್ಸಲ ಹತ್ತಿ ನೋಡು."

"ಹಿಕ್ಕೇಲೂ ಕುಲಗೋತ್ರ ನೋಡ್ತೀಯೇನೇ?" ಎಂದು ಚಿತ್ತಯ್ಯನು ನಕ್ಕುಬಿಟ್ಟನು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದಿದ್ದಾರೆ ತಿಳಿದವರು. ಇವನೋ ಕಣ್ಣಾರೆ ಕಾಣುವ ಕಷ್ಟವನ್ನೂ ಪಡಲಿಲ್ಲ. ಏಣಿ ಗೋಡೆಗೆ ಒರಗಿಯೇ ಇತ್ತು. ಹತ್ತಿದ್ದರೆ ಐದು ಮೆಟ್ಟಿಲು, ಅಷ್ಟೆ. ಆದರೆ ಮಗನನ್ನು ಕಳೆದುಕೊಂಡ ಭಯ ಅವನನ್ನು ಹತ್ತಗೊಡಲಿಲ್ಲ. ಹೆಂಡತಿಯನ್ನೂ ಕೂಸನ್ನೂ ದೂರದ ಹುಲ್ಲುಗಾವಲಿಗೆ ಕಳುಹಿಸಿ, ದನಗಳನ್ನು ಹೊರಗಟ್ಟಿ, ಕದವಿಕ್ಕಿ, ಬೇವಿನ ಸೊಪ್ಪು, ಒಣಮೆಣಸಿನಕಾಯಿ, ಬೆರಣಿಗಳನ್ನು ಸುಟ್ಟು ಹೊಗೆ ತುಂಬಿದನು. ಹಾಡುಹಗಲಿನಲ್ಲೇ ಸೂರಿನ ಸಂದಿಯಿಂದ ಕರಿಯ ರೆಕ್ಕೆಗಳು ಚೀರುತ್ತ ಹೊರಬಿದ್ದು, ಬೆಳಕಿಗೆ ಕಂಗೆಟ್ಟು, ಬೆಟ್ಟದತ್ತ ಹಾರಿದವು.

ಹೊಗೆ ಆರಿದ ಮೇಲೆ ಅವನು ಏಣಿ ಹತ್ತಿದನು. ತೋಟದ ಹಣ್ಣು ತಿನ್ನುವ ದೊಡ್ಡ ಬಾವಲಿಗಳ ಜಾತಿಯಲ್ಲ ಅವು. ಹೆಬ್ಬೆರಳಿನಷ್ಟು ಮೈಯ, ಹುಳುಹುಪ್ಪಟೆಗಳನ್ನು ತಿಂದು ಜೀವಿಸುವ ಪುಟ್ಟ ಬಾವಲಿಗಳು. ಹಾರಲಾರದ ಮರಿಗಳು, ಇನ್ನೂ ಕೂದಲು ಮೂಡದ ನಸುಗೆಂಪು ಮೈಯವು, ತೊಲೆಯ ಬಿರುಕಿನಲ್ಲಿ ಸಾಲಾಗಿ ಜೋತು ಸತ್ತಿದ್ದವು. ಒಂದು ತಾಯಿ ಮಾತ್ರ ಹೋಗಿರಲಿಲ್ಲ. ಎದೆಗೆ ಕಚ್ಚಿದ್ದ ಮರಿಯ ಮೇಲೆ ರೆಕ್ಕೆ ಹೊದಿಸಿ ಅದೂ ಸತ್ತಿತ್ತು. ಚಿತ್ತಯ್ಯನು ಎಲ್ಲವನ್ನೂ ಬುಟ್ಟಿಗೆ ತುಂಬಿ ತಿಪ್ಪೆಯಲ್ಲಿ ಹೂತು ಬಂದು, ಹೆಂಡತಿ ಕೇಳುವ ಮೊದಲೇ "ಇಲಿಯೇ" ಎಂದು ಹೇಳಿದನು.

ಆಷಾಢದ ಮಳೆ ಹಿಡಿಯಿತು. ಹಿಂದೆಂದೂ ಕಾಣದಷ್ಟು ಸೊಳ್ಳೆಗಳು ಕೊಟ್ಟಿಗೆಯನ್ನು ಮುತ್ತಿದವು. ಹಸುಗಳು ಬಾಲ ಬಡಿದು ಬಡಿದು ಸೋತವು. ಹೊನ್ನವ್ವೆಗೆ ಚಳಿಜ್ವರ ಬಂದಿತು. ಆರು ದಿನ ಸುಟ್ಟ ಮೈ ಏಳನೆಯ ದಿನ ತಣ್ಣಗಾಯಿತು. ಜೋಲಿಯನ್ನು ತೊಲೆಯಿಂದ ಬಿಚ್ಚಿ, ಅದರಲ್ಲೇ ಕೂಸನ್ನು ಸುತ್ತಿ, ದಂಪತಿಗಳು ಸೂರ್ಯಾಸ್ತಮಾನದ ಹೊತ್ತಿಗೆ ಬೆಟ್ಟ ಹತ್ತಿದರು.

ಮಹಾಶಿಲೆಯ ಚಾಚಿನ ಕೆಳಗೆ ಚಿತ್ತಯ್ಯನು ಗುಂಡಿ ತೋಡುತ್ತಿರಲು, ಬಂಡೆಯ ಬಿರುಕಿನಿಂದ ಅಸಂಖ್ಯ ಬಾವಲಿಗಳು ಹೊರಟು ಆ ಮೃತಶಿಶುವಿನ ಮೇಲೆ ಛತ್ರದಂತೆ ಸುತ್ತಿದವು. ಆಗ ಶಿಲಾಗರ್ಭದಿಂದ ಮಾತೃವಾಣಿ ಕೇಳಿಬಂದಿತು:

"ಎಲೈ ಗೋಪಾಲಕನೇ, ನಿನ್ನನ್ನು ಶಪಿಸಲು ನಾನು ಬಂದವಳಲ್ಲ, ಶಾಪಕ್ಕೆ ನಿನ್ನಲ್ಲಿ ಇನ್ನೇನು ಉಳಿದಿದೆ? ಇರುಳೆಲ್ಲ ಹಾರಿ, ಸೊಳ್ಳೆಗಳ ಸಂಕುಲವನ್ನು ನುಂಗಿ, ನಿನ್ನ ಜೋಲಿಯನ್ನು ಕಾಯುತ್ತಿದ್ದವಳು ನಾನೇ. ನಿನ್ನ ಕೂಸನ್ನು ಮರಳಿ ಕೊಡಲಾರೆ; ನನ್ನ ಕೂಸುಗಳೂ ಮರಳಲಿಲ್ಲ. ಇವಳನ್ನು ಇಲ್ಲಿ ಮಲಗಿಸಿ ಹೋಗು. ಇನ್ನು ನಾನು ಕಾವಲಿದ್ದೇನೆ. ನನ್ನ ಸನ್ನಿಧಿಗೆ ಹೊಗೆ ಬಾರದಿರಲಿ."

ಚಿತ್ತಯ್ಯನು ಮಣ್ಣಿನಲ್ಲಿ ಕುಸಿದನು. "ಇಲಿಯಲ್ಲ ಮಾಳೀ. ನಾನು ಕಂಡಿದ್ದೆ. ಬಾಯಿಬಿಟ್ಟು ಹೇಳ್ಲಿಲ್ಲ" ಎಂದನು.

ಮಾಳವ್ವೆಯು ಬಂಡೆಯ ಬುಡದಿಂದ ಒಂದು ಚಿಟಿಕೆ ಕರಿಯ ಹಿಕ್ಕೆ ತೆಗೆದು, ಗಂಡನ ಬೆರಳುಗಳ ನಡುವೆ ಇಟ್ಟು, ತನ್ನ ಕೈಯಿಂದಲೇ ತಿಕ್ಕಿಸಿದಳು. ಅದು ಪುಡಿಯಾಗಿ ಮಿನುಗಿತು.

"ಯಾರದು?" ಎಂದು ಕೇಳಿದಳು.

ಅವನು ಬೆರಳಿನ ಪುಡಿಯನ್ನೇ ನೋಡಿದನು. ಮತ್ತೆ ಕೇಳಿದಳು. ಮೂರನೆಯ ಸಲಕ್ಕೆ "ಬಾಣಂತೀದು" ಎಂದನು.

ಇಂದಿಗೂ ಈ ಕ್ಷೇತ್ರದಲ್ಲಿ ಧೂಪ, ಕರ್ಪೂರ, ಊದಿನಕಡ್ಡಿಗಳಿಲ್ಲ. ಜ್ಯೇಷ್ಠಮಾಸದಲ್ಲಿ ಎಣ್ಣೆಯ ದೀಪವೂ ಇಲ್ಲ. ಬಂಡೆಯ ಚಾಚಿಗೆ ಕಟ್ಟಿದ ಖಾಲಿ ಜೋಲಿಯನ್ನು, ಅದರ ಅಂಚಿಗೆ ಬಿದ್ದ ಕರಿಯ ಕಾಳುಗಳನ್ನು ಯಾತ್ರಿಕರು ಪ್ರತ್ಯಕ್ಷ ಕಾಣಬಹುದು. ಆ ದಂಪತಿಗಳಿಗೆ ಮತ್ತೆ ಮಕ್ಕಳಾಗದ ಕಾರಣ ಚಿತ್ತಯ್ಯನ ತಮ್ಮನ ವಂಶದವರೇ ಪೂಜಾರಿಗಳು. ಆಷಾಢದ ಮೊದಲ ಮಂಗಳವಾರ ಸಂಜೆ, ಬಾವಲಿಗಳು ಹೊರಡುವ ಸಮಯಕ್ಕೆ, ಆ ಮನೆಯ ಸೊಸೆಯು ಭಕ್ತಾದಿಗಳ ಬೆರಳಿಗೆ ಒಂದೊಂದು ಚಿಟಿಕೆ ಹಿಕ್ಕೆ ಇಟ್ಟು ತಿಕ್ಕಿಸಿ "ಯಾರದು?" ಎಂದು ಕೇಳುತ್ತಾಳೆ. "ಬಾಣಂತಿಯದು" ಎಂದವರು ಮುಂದೆ ಹೋಗುತ್ತಾರೆ. ಎಲ್ಲರದೂ ಆದ ಮೇಲೆ ಕಟ್ಟಕಡೆಗೆ ಪೂಜಾರಿಯೂ ಅವಳ ಮುಂದೆ ಕೈಯೊಡ್ಡುತ್ತಾನೆ. ಅವನನ್ನು ಮಾತ್ರ ಅವಳು ಮೂರು ಸಲ ಕೇಳುತ್ತಾಳೆ.