ಕಂಚುಗಾರನ ಹೆಂಡತಿಯ ದನಿ

"ಗುರುಗಳೇ, ದನಿ ಕೆಟ್ಟವರು ಬಂದರೆ ನೀವು ಮೊದಲು ಗಂಟಲು ನೋಡುವುದಿಲ್ಲ. ಜೊತೆಗೆ ಬಂದವರನ್ನು ಹತ್ತಿರ ಕರೆದು, ಎಷ್ಟು ದಿನದಿಂದ ಹೀಗೆ ಎಂದು ಕೇಳುತ್ತೀರಿ. ಅದನ್ನು ರೋಗಿಯನ್ನೇ ಕೇಳಬಾರದೇ?" ಎಂದು ಶಿಷ್ಯನೊಬ್ಬ ತನ್ನ ವೈದ್ಯಗುರುವನ್ನು ಕೇಳಿದ.

ಗುರು ಈ ಕತೆ ಹೇಳಿದರು.

ಒಂದೂರಿನಲ್ಲಿ ಕಂಚುಗಾರರ ಬೀದಿಯಿತ್ತು. ಬೆಳಕು ಹರಿದಾಗ ಎತ್ತಿದ ಸುತ್ತಿಗೆಯನ್ನು ಅವರು ದೀಪ ಹಚ್ಚುವ ಹೊತ್ತಿಗೇ ಕೆಳಗಿಡುವುದು. ಇಪ್ಪತ್ತು ಮನೆ, ಇಪ್ಪತ್ತು ಸುತ್ತಿಗೆ. ಆ ಸದ್ದಿನಲ್ಲಿ ಮಾತು ಕೇಳಿಸಬೇಕಾದರೆ ಕೂಗಲೇಬೇಕು. ಹಾಗಾಗಿ ಆ ಬೀದಿಗೆ ಸೊಸೆಯಾಗಿ ಬಂದವರ ದನಿ ವರ್ಷ ತುಂಬುವುದರೊಳಗೆ ಒಡೆಯುತ್ತಿತ್ತು. ಸಂತೆಯಲ್ಲಿ ಒರಟು ದನಿಯ ಹೆಂಗಸು ಬಾಯಿಬಿಟ್ಟರೆ ಸಾಕು, ಇವಳು ಕಂಚುಗಾರರ ಪೈಕಿ ಎಂದು ಜನ ಗುರುತು ಹಿಡಿಯುತ್ತಿದ್ದರು. ಬೀದಿಯವರಿಗೆ ಅದೊಂದು ಕೊರತೆಯೆಂದೇ ತೋರುತ್ತಿರಲಿಲ್ಲ. "ಇನ್ನೂ ದನಿ ಒಡೆದಿಲ್ಲವೇನೇ? ಹಾಗಾದರೆ ನೀನಿನ್ನೂ ತವರಿನವಳೇ" ಎಂದು ಅತ್ತೆಯರು ಹೊಸ ಸೊಸೆಯರನ್ನು ಹಂಗಿಸುತ್ತಿದ್ದರು.

ವರ್ಷಕ್ಕೊಮ್ಮೆ ಮಾತ್ರ ಅಲ್ಲಿ ಸುತ್ತಿಗೆ ನಿಲ್ಲುತ್ತಿತ್ತು. ಆಯುಧಪೂಜೆಯ ದಿನ ಹತಾರಗಳಿಗೆ ಕುಂಕುಮವಿಟ್ಟರೆ ಮುಂದಿನ ಹದಿನೈದು ದಿನ ಯಾರೂ ಅವನ್ನು ಮುಟ್ಟುತ್ತಿರಲಿಲ್ಲ. ಕೂಗುವ ಕೆಲಸ ತಪ್ಪಿದ್ದರಿಂದ ಹೆಂಗಸರ ಗಂಟಲು ದಿನದಿಂದ ದಿನಕ್ಕೆ ತಿಳಿಯಾಗುತ್ತಿತ್ತು. ಕೊನೆಯ ದಿನ ಅವರೆಲ್ಲ ಒಂದು ಜಗಲಿಯಲ್ಲಿ ಸೇರಿ ಹಾಡುತ್ತಿದ್ದರು. ಹೆಂಡಿರ ನಿಜವಾದ ದನಿಯನ್ನು ಗಂಡಂದಿರು ಕೇಳುತ್ತಿದ್ದುದು ಅಂದೇ.

ಆ ಬೀದಿಯಲ್ಲೊಬ್ಬ ಕಂಚುಗಾರನಿದ್ದ. ಹಂಡೆ ಬಡಿಯುವುದರಲ್ಲಿ ಎತ್ತಿದ ಕೈ. ಬಡಿದು ಬಡಿದು ಕಿವಿ ಮಂದವಾಗಿತ್ತು. ಮಕ್ಕಳಿರಲಿಲ್ಲ, ಮನೆಯಲ್ಲಿ ಅವನು, ಅವನ ಹೆಂಡತಿ ಇಬ್ಬರೇ. ಒಂದು ಬೇಸಿಗೆಯಲ್ಲಿ, ಮೊದಲೇ ಒಡೆದಿದ್ದ ಅವಳ ದನಿ ಇನ್ನಷ್ಟು ಒಡೆಯಿತು. ಅವನಿಗೆ ಗೊತ್ತಾಗಲಿಲ್ಲ. ಮಳೆಗಾಲದ ಹೊತ್ತಿಗೆ ಅವಳು ಅವನನ್ನು ಊಟಕ್ಕೆ ಕೂಗುವುದನ್ನೇ ಬಿಟ್ಟು, ಬಾಗಿಲಲ್ಲಿ ನಿಂತು ತಟ್ಟೆ ಬಡಿಯತೊಡಗಿದಳು.

ಎದುರು ಮನೆಯವನು ಅದನ್ನು ನೋಡಿ, "ಏನಯ್ಯಾ, ಜಾಗಟೆ ಬಾರಿಸದೆ ನೀನು ಊಟಕ್ಕೆ ಏಳುವುದಿಲ್ಲವೋ? ಮಂಗಳಾರತಿ ಎಷ್ಟು ಹೊತ್ತಿಗೆ?" ಎಂದ. ಬೀದಿಯೆಲ್ಲ ನಕ್ಕಿತು. ಕಂಚುಗಾರನೂ ನಕ್ಕ. ಒಳಗೆ ಹೋದ ಮೇಲೆ ಹೆಂಡತಿಯ ಮೇಲೆ ಸಿಡುಕಿದ.

ಶ್ರಾವಣದಲ್ಲಿ ಅವಳ ತಮ್ಮ ತನ್ನ ಮಗುವಿನ ನಾಮಕರಣಕ್ಕೆ ಅಕ್ಕನನ್ನು ಕರೆದೊಯ್ಯಲು ಬಂದ. ಕೈತುಂಬ ಕೆಲಸವಿದೆ ಎಂದು ಕಂಚುಗಾರ ಕಳಿಸಲಿಲ್ಲ. ಅಂದಿನಿಂದ ಅವಳ ಬಾಯಿಂದ ಒಂದು ಮಾತೂ ಕೇಳಿಸಲಿಲ್ಲ. ಸಿಟ್ಟು ಮಾಡಿಕೊಂಡಿದ್ದಾಳೆ ಎಂದುಕೊಂಡ. ಅವಳೇ ಮೊದಲು ಮಾತಾಡಲಿ ಎಂದು ತಾನೂ ಬಿಗಿದುಕೊಂಡ.

ಆಯುಧಪೂಜೆ ಬಂತು. ಸುತ್ತಿಗೆಗಳು ನಿಂತವು. ನಾಲ್ಕೈದು ದಿನ ಕಳೆಯುವಷ್ಟರಲ್ಲಿ ಅಕ್ಕಪಕ್ಕದ ಮನೆಗಳಲ್ಲಿ ಹೆಂಗಸರ ದನಿ ಬಿಟ್ಟು ತಿಳಿಯಾಯಿತು. ಅವರು ಮಕ್ಕಳನ್ನು ಗದರುವುದೂ, ಬಾವಿಯ ಹತ್ತಿರ ನಗುವುದೂ ಅವನ ಮಂದ ಕಿವಿಗೂ ಬಿತ್ತು. ತನ್ನ ಮನೆಯಲ್ಲಿ ಮಾತ್ರ ಸದ್ದಿರಲಿಲ್ಲ. ಒಂದು ಮಧ್ಯಾಹ್ನ ಅವಳು ಅವನೆದುರು ಬಂದು ಕುಳಿತಳು. ಗಂಟಲ ಮೇಲೆ ಕೈಯಿಟ್ಟುಕೊಂಡು ಏನೋ ಹೇಳಿದಳು. ತುಟಿ ಅಲುಗಿದ್ದು ಕಂಡಿತು, ಉಸಿರು ಬಿಟ್ಟಂತಾಯಿತು, ಅಷ್ಟೇ.

"ಗೊಣಗಬೇಡ. ಹೇಳುವುದಿದ್ದರೆ ಬಾಯಿಬಿಟ್ಟು ಹೇಳು" ಎಂದ ಕಂಚುಗಾರ.

ಅವಳು ಎದ್ದು ಒಳಗೆ ಹೋದಳು. ಮತ್ತೆ ಆ ಪ್ರಯತ್ನ ಮಾಡಲಿಲ್ಲ.

ಕೊನೆಯ ದಿನ ಹೆಂಗಸರು ಜಗಲಿಯಲ್ಲಿ ಸೇರಿದರು. ಅವರ ನಡುವೆ ಅವಳೂ ಕುಳಿತಿದ್ದಳು. ಎಲ್ಲರ ಜೊತೆ ಅವಳ ತುಟಿಯೂ ಆಡುತ್ತಿತ್ತು. ಬೀದಿಯ ಆಚೆ ಬದಿಯಲ್ಲಿ ನಿಂತು ನೋಡುತ್ತಿದ್ದ ಕಂಚುಗಾರ, ಸದ್ಯ ಸಿಟ್ಟಿಳಿಯಿತು, ಹಾಡುತ್ತಿದ್ದಾಳೆ ಎಂದುಕೊಂಡು ಸಮಾಧಾನದಿಂದ ಮನೆಗೆ ಹೋದ.

ಮಾರನೆಯ ದಿನ ಸುತ್ತಿಗೆಗಳು ಮತ್ತೆ ಶುರುವಾದವು, ಅವಳ ಮೌನ ಆ ಸದ್ದಿನಲ್ಲಿ ಮುಚ್ಚಿಹೋಯಿತು. ಪುಷ್ಯಮಾಸದಲ್ಲಿ ಅವಳಿಗೆ ಅನ್ನ ಇಳಿಯದಾಯಿತು. ಉಸಿರೆಳೆದಾಗ ಸಿಳ್ಳಿನಂಥ ಸದ್ದು ಬರತೊಡಗಿತು. ಆಗ ಅವನು ಹೆದರಿ, ಗಾಡಿ ಕಟ್ಟಿಸಿಕೊಂಡು ಅವಳನ್ನು ಪಕ್ಕದೂರಿನ ವೈದ್ಯನ ಬಳಿಗೆ ಕರೆದೊಯ್ದ. ವೈದ್ಯ ಪುಟ್ಟ ಕನ್ನಡಿ ಹಿಡಿದು ಬೆಳಕಿನಲ್ಲಿ ಗಂಟಲೊಳಗೆ ನೋಡಿದ. ಆಮೇಲೆ ಕನ್ನಡಿ ಒರೆಸಿಟ್ಟು, "ಎಷ್ಟು ದಿನದಿಂದ ಹೀಗಿದೆ?" ಎಂದು ಗಂಡನನ್ನು ಕೇಳಿದ.

"ಮೂರು ತಿಂಗಳಾಯಿತು ಸ್ವಾಮಿ. ಆಯುಧಪೂಜೆಯಿಂದ."

ಹೆಂಡತಿ ಅಲ್ಲವೆಂದು ತಲೆಯಾಡಿಸಿದಳು. ಒಂಬತ್ತು ಬೆರಳು ಎತ್ತಿ ತೋರಿಸಿದಳು.

ವೈದ್ಯ ಹೇಳಿದ: "ಕೂಗಿ ಕೂಗಿ ಒಡೆದ ದನಿಗೆ ಗಂಟಲಿನ ಬಿಡುವೇ ಮದ್ದು. ನೆಗಡಿಯಿಂದ ಕಟ್ಟಿದ್ದು ವಾರ ಹತ್ತು ದಿನದಲ್ಲಿ ತಾನೇ ಬಿಡುತ್ತದೆ. ದುಃಖದಲ್ಲೋ ಭಯದಲ್ಲೋ ಮಾತು ನಿಂತುಹೋದವರೂ ಇದ್ದಾರೆ. ಅವರು ಕೆಮ್ಮಿದರೆ ದನಿ ಇರುವುದು ಗೊತ್ತಾಗುತ್ತದೆ. ಇವಳ ಗಂಟಲಲ್ಲಿ ಗಂಟು ಬೆಳೆದಿದೆ. ಕಾಳಿನಷ್ಟಿದ್ದಾಗ ಬಂದಿದ್ದರೆ ಪಟ್ಟಣಕ್ಕೆ ಕಳಿಸುತ್ತಿದ್ದೆ, ಅಲ್ಲಿ ತೆಗೆಯುತ್ತಿದ್ದರು. ಇರಲಿ, ನಿಮ್ಮ ಬೀದಿಯಲ್ಲಿ ಹದಿನೈದು ದಿನ ಸದ್ದು ನಿಲ್ಲುತ್ತದಲ್ಲ. ಆಗ ಎಲ್ಲರ ದನಿಯೂ ಬಿಡಲಿಲ್ಲವೇ?"

"ಬಿಟ್ಟಿತು."

"ಇವಳದು?"

ಕಂಚುಗಾರ ನೆಲ ನೋಡುತ್ತ, "ನನ್ನ ಮೇಲೆ ಸಿಟ್ಟು ಅಂದುಕೊಂಡಿದ್ದೆ" ಎಂದ.

ಹೆಂಡತಿ ತಿರುಗಿ ಅವನನ್ನೇ ನೋಡಿದಳು. ಇಷ್ಟು ದಿನ ಅವನು ಏಕೆ ಮಾತು ಬಿಟ್ಟಿದ್ದನೆಂಬುದು ಅವಳಿಗೆ ತಿಳಿದದ್ದು ಆಗ.

ಮನೆಗೆ ಬಂದ ಮೇಲೆ ಕಂಚುಗಾರ ಸುತ್ತಿಗೆ ಮುಟ್ಟಲಿಲ್ಲ. ಅವಳ ಹಾಸಿಗೆಯ ಪಕ್ಕ ಕುಳಿತು, ಬಾಗಿ, ಅವಳ ತುಟಿಗೆ ಕಿವಿ ತಾಗಿಸಿಕೊಂಡು ಕೇಳುತ್ತಿದ್ದ. ಅವಳು ಏನೇನೋ ಹೇಳುತ್ತಿದ್ದಳು. ಬೀದಿಯಲ್ಲಿ ಹತ್ತೊಂಬತ್ತು ಸುತ್ತಿಗೆಗಳು ಬಡಿಯುತ್ತಿದ್ದವು. ಅವನ ಕಿವಿಗೆ ಬೆಚ್ಚಗಿನ ಉಸಿರು ತಾಗುತ್ತಿತ್ತೇ ಹೊರತು ಮಾತು ಸಿಗುತ್ತಿರಲಿಲ್ಲ. ಆದರೂ ಅವನು ಹೂಂ, ಹೂಂ ಎನ್ನುತ್ತಿದ್ದ. ಫಾಲ್ಗುಣದಲ್ಲಿ ಅವಳು ತೀರಿಕೊಂಡಳು.

ಆಮೇಲೆ ಎಷ್ಟೋ ದಿನ ಅವನು, ಅವಳು ಕೊನೆಯ ಬಾರಿ ದನಿಯೆತ್ತಿ ಹೇಳಿದ ಮಾತು ಯಾವುದೆಂದು ನೆನಪು ಮಾಡಿಕೊಳ್ಳುತ್ತ ಕೂರುತ್ತಿದ್ದ. ನೆನಪಾಗಲಿಲ್ಲ. ಅದನ್ನು ಅವನು ಕೇಳಿಸಿಕೊಂಡೇ ಇರಲಿಲ್ಲ.

ಗುರು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ಆ ಹೆಂಗಸಿನ ಮೇಲೆ ಕನಿಕರವೂ ಕಂಚುಗಾರನ ಮೇಲೆ ಕೋಪವೂ ಬಂದವು. "ಎಂಥ ಮನುಷ್ಯ ಗುರುಗಳೇ. ಒಂದೇ ಮನೆಯಲ್ಲಿದ್ದು, ಅವಳ ಕೈಯಡುಗೆ ಉಂಡು, ಒಂಬತ್ತು ತಿಂಗಳು ಗೊತ್ತಾಗದೆ ಹೋಯಿತೆಂದರೆ ಏನು ಹೇಳುವುದು? ನನಗಾಗಿದ್ದರೆ ಮೂರೇ ದಿನದಲ್ಲಿ ತಿಳಿಯುತ್ತಿತ್ತು" ಎಂದ.

ಗುರು ಅವನ ಮುಖ ನೋಡಿದರು.

"ಎರಡು ವರ್ಷದಿಂದ ಇಲ್ಲಿ ನಿನಗೆ ದಿನವೂ ಗಂಜಿ ಬಡಿಸುತ್ತಿರುವ ಆ ತಾಯಿಯ ದನಿ ಹೇಗಿದೆ, ಹೇಳು."