ಸ್ಟೆತೋಸ್ಕೋಪಿಗೆ ಕೇಳಿಸದ್ದು

ಡಾಕ್ಟರ ಕೊರಳಲ್ಲಿದ್ದ ಸ್ಟೆತೋಸ್ಕೋಪಿಗೆ ಆವತ್ತು ಸಮಾಧಾನವಿರಲಿಲ್ಲ. ಹಿಂದೆ ಅದು ಚನ್ನವೀರಪ್ಪನ ಎದೆ ಆಲಿಸಿ ‘ಸರಿಯಾಗಿದೆ’ ಎಂದಿತ್ತು. ಸಂತೆಯಿಂದ ಬರುವಾಗ ಆತ ಕುಸಿದು ಸತ್ತ. ಆತನ ಮಗನಿಗೂ ಅದನ್ನೇ ಹೇಳಿತ್ತು. ಅವನೂ ಹಾಗೇ ಹೋದ. ಈಗ ಅಜ್ಜನ ಹೆಸರನ್ನೇ ಇಟ್ಟುಕೊಂಡ ಮೊಮ್ಮಗ ಎದುರಿಗೆ ಕೂತಿದ್ದ. ‘ಥೇಟ್ ಅಜ್ಜನೇ’ ಎಂದು ಮನೆಯವರು ಹಿಗ್ಗುತ್ತಿದ್ದರು.

“ಈ ಎದೆಯೂ ಸರಿಯಾಗಿಯೇ ಬಡಿಯುತ್ತಿದೆ. ನನಗೆ ಅದೇ ಭಯ,” ಎಂದಿತು ಸ್ಟೆತೋಸ್ಕೋಪು.

ಆಗಷ್ಟೇ ಮೊಮ್ಮಗನ ತೋಳಿನಿಂದ ಸೀಸೆಗಿಳಿದ ರಕ್ತದ ಹನಿ ಹೇಳಿತು: “ನನ್ನನ್ನು ಪರೀಕ್ಷೆಗೆ ಕಳಿಸಲಿ. ಎಷ್ಟೋ ಜನ ರಕ್ತ ಕೊಟ್ಟಿದ್ದರಿಂದ ಮನುಷ್ಯರ ವಂಶವಾಹಿಗಳ ನಕ್ಷೆ ಸಿದ್ಧವಾಗಿದೆ. ಅದರ ಪಕ್ಕ ನನ್ನನ್ನಿಟ್ಟು ನೋಡಿದರೆ, ಈ ಮನೆತನದಲ್ಲಿ ಎಲ್ಲಿ ತಪ್ಪಿದೆಯೆಂದು ತಿಳಿದೀತು.”

“ನಕ್ಷೆ ಯಾರನ್ನು ಬದುಕಿಸುತ್ತದೆ?”

“ಯಾರನ್ನೂ ಇಲ್ಲ. ಔಷಧಿಗೆ ದಾರಿ ತೋರಿಸುತ್ತದೆ.”

ಹನಿ ಹೋಯಿತು, ತಪ್ಪು ಸಿಕ್ಕಿತು, ಮಾತ್ರೆ ಶುರುವಾಯಿತು.

ವರ್ಷಗಳು ಕಳೆದವು. ಕೂದಲು ನರೆತ ಮೊಮ್ಮಗ ತನ್ನ ಮಗಳನ್ನು ಕರೆತಂದ. ಡಾಕ್ಟರು ಸ್ಟೆತೋಸ್ಕೋಪನ್ನು ಕಿವಿಗೆ ಹಾಕಿಕೊಂಡರು.

“ಮೊದಲು ಅವಳ ರಕ್ತ ತೆಗೆಯಿರಿ,” ಎಂದಿತು ಅದು. “ಈ ಮನೆತನದಲ್ಲಿ ನಾನು ಸರಿಯಾಗಿದೆ ಎಂದು ಕಳಿಸಿಬಿಟ್ಟ ಎದೆಗಳು ಎರಡೂ ನಿಂತುಹೋದವು. ಆ ಹನಿ ತಪ್ಪಿದೆ ಎಂದ ಎದೆ ಇನ್ನೂ ಬಡಿಯುತ್ತಿದೆ.”